ಮೆಷಿನ್ ಸದ್ದಿನ ಪಕ್ಕ ಕೇಳಿಸುತ್ತದೆ, ಅಡುಗೆಮನೆಯಲ್ಲಿ ಕೇಳಿಸುವುದಿಲ್ಲ. ಆಪರೇಷನ್ ಮಾಡಿಸಲಾ?

ನಿಟ್ಟುವಳ್ಳಿ ಟೀಚರ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಇರುವುದು ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ವಯಸ್ಸು 36. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ತವರು ಜಗಳೂರು ಕಡೆಯ ಒಂದು ಹಳ್ಳಿ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ಎರಡನೇ ಹೆರಿಗೆ ಆಗಿ 6 ವರ್ಷ ಆಯಿತು. ಆವಾಗಿನಿಂದ ಬಲಗಿವಿ ಮಂದ ಆಗುತ್ತಾ ಬಂತು. ಈಗ ಎಡಗಿವಿಯೂ ಅದೇ ದಾರಿ ಹಿಡಿದಿದೆ. ನೋವಿಲ್ಲ, ಸೋರುವುದಿಲ್ಲ. ರಾತ್ರಿ ಮಲಗಿದಾಗ ಬಲಗಿವಿಯಲ್ಲಿ ಗುಂಯ್ ಅಂತ ಒಂದೇ ಸಮ ಸದ್ದು ಬರುತ್ತದೆ.

ವಿಚಿತ್ರ ಏನೆಂದರೆ, ಸದ್ದು ಇದ್ದಲ್ಲಿ ನನಗೆ ಚೆನ್ನಾಗಿ ಕೇಳಿಸುತ್ತದೆ. ಹೋದ ವರ್ಷ ಕಣದಲ್ಲಿ ಮೆಕ್ಕೆಜೋಳ ಒಕ್ಕುವ ಮೆಷಿನ್ ಓಡುತ್ತಿತ್ತು. ನಮ್ಮನೆಯವರು ಆ ಕಡೆಯಿಂದ ಚೀಲ ತನ್ನಿ ಅಂತ ಕೂಗಿದರು. ಪಕ್ಕದಲ್ಲಿದ್ದ ಇಬ್ಬರಿಗೆ ಕೇಳಿಸಲಿಲ್ಲ, ನನಗೆ ಕೇಳಿಸಿತು. ಅದೇ ರಾತ್ರಿ ಅಡುಗೆಮನೆಯಲ್ಲಿ ಅವರು ಮೂರು ಸಲ ನೀರು ಕೇಳಿದ್ದು ನನಗೆ ಗೊತ್ತೇ ಆಗಲಿಲ್ಲ. 'ಬೇಕಾದಾಗ ಕೇಳಿಸುತ್ತೆ, ಬೇಡವಾದಾಗ ಇಲ್ಲ' ಅಂತ ಅತ್ತೆ ಅಂದರು. ಆ ಮಾತು ಇನ್ನೂ ಮನಸ್ಸಿನಲ್ಲಿ ಕೊರೆಯುತ್ತಿದೆ. ನಾನು ಬೇಕಂತ ಹಾಗೆ ಮಾಡುವವಳಲ್ಲ.

ಇನ್ನೂ ಒಂದು. ಸಂಜೆ ಎಲ್ಲರೂ ಕೂತು ಮಿರ್ಚಿ ಮಂಡಕ್ಕಿ ತಿನ್ನುವಾಗ ನನ್ನ ಬಾಯಿಯ ಕರಕರ ಸದ್ದೇ ತಲೆ ತುಂಬಾ ಇರುತ್ತದೆ. ಅಗಿಯುವುದು ನಿಲ್ಲಿಸಿದರೆ ಮಾತ್ರ ಮಾತು ಕೇಳಿಸುತ್ತದೆ. ನನ್ನ ದನಿಯೂ ನನಗೆ ಜೋರಾಗಿ ಕೇಳಿಸುವುದರಿಂದ ಮೆಲ್ಲಗೆ ಮಾತಾಡುತ್ತೇನಂತೆ. ಹಿಂದಿನ ಬೆಂಚಿನ ಮಕ್ಕಳಿಗೆ ಪಾಠ ಕೇಳಿಸುತ್ತಿಲ್ಲ ಅಂತ ಹೆಡ್‌ಮಾಸ್ಟರ್ ಎರಡು ಸಲ ಕರೆದು ಹೇಳಿದರು.

ಮೊದಲು ಗುಗ್ಗೆ ಅಂದುಕೊಂಡು ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಟ್ಟುಕೊಂಡೆ. ಆಮೇಲೆ ಒಬ್ಬ ಡಾಕ್ಟರು ಟಾರ್ಚ್ ಹಾಕಿ ನೋಡಿ 'ತಮಟೆ ಚೆನ್ನಾಗಿದೆ, ಏನೂ ಇಲ್ಲ, ಟೆನ್ಷನ್ ಕಡಿಮೆ ಮಾಡಿ' ಅಂದರು. ಎರಡು ವರ್ಷ ಹಾಗೇ ಹೋಯಿತು. ಒಂದು ಅಂಗಡಿಯಲ್ಲಿ ಹತ್ತು ನಿಮಿಷ ಬೀಪ್ ಬೀಪ್ ಕೇಳಿಸಿ 'ನರ ಸೋತಿದೆ, ಕಿವಿಗೆ ಮೆಷಿನ್ ಹಾಕಿಸಿಕೊಳ್ಳಿ' ಅಂದರು. ಹೋದ ತಿಂಗಳು ಬೇರೆ ಕಡೆ ತೋರಿಸಿದೆ. ಅಲ್ಲಿ ಗಾಜಿನ ಕೋಣೆಯಲ್ಲಿ ಕೂರಿಸಿ ಮುಕ್ಕಾಲು ಗಂಟೆ ಪರೀಕ್ಷೆ ಮಾಡಿದರು. ಓಟೋಸ್ಕ್ಲಿರೋಸಿಸ್ ಅಂದರು. ಕಿವಿಯೊಳಗಿನ ರಿಕಾಪಿನ (ಕುದುರೆ ಸವಾರರು ಕಾಲಿಡುವ ಬಳೆ) ಆಕಾರದ ಪುಟ್ಟ ಮೂಳೆ ಅಂಟಿಕೊಂಡು ಗಟ್ಟಿಯಾಗಿದೆಯಂತೆ. ಬಲಗಿವಿಗೆ ಆಪರೇಷನ್ ಮಾಡಬಹುದು, ಬೇಡ ಅಂದರೆ ಮೆಷಿನ್ ಹಾಕಬಹುದು, ಯೋಚನೆ ಮಾಡಿ ಬನ್ನಿ ಅಂದರು.

ರಿಪೋರ್ಟಿನಲ್ಲಿ ಇರುವುದು ಹೀಗೆ. ಬಲಗಿವಿ ಗಾಳಿಯ ಮೂಲಕ 55 ಡೆಸಿಬಲ್, ಮೂಳೆಯ ಮೂಲಕ 15. ಎಡಗಿವಿ 40 ಮತ್ತು 15. 2000 ಹರ್ಟ್ಸ್ ಹತ್ತಿರ ಮೂಳೆಯ ಗೆರೆ ಸ್ವಲ್ಪ ಕೆಳಗೆ ಬಾಗಿದೆ. ಟಿಂಪನೋಗ್ರಾಂ (ತಮಟೆ ಎಷ್ಟು ಅಲುಗುತ್ತದೆ ಅಂತ ನೋಡುವ ಪರೀಕ್ಷೆ) 'ಎ ಎಸ್', ರಿಫ್ಲೆಕ್ಸ್ ಇಲ್ಲ ಅಂತ ಬರೆದಿದ್ದಾರೆ.

ನಮ್ಮಮ್ಮನಿಗೂ ಹೀಗೇ. ಊರಲ್ಲಿ ಅವರನ್ನು ಕರೆಯುವುದೇ ಕೆಪ್ಪಮ್ಮ ಅಂತ. ದೊಡ್ಡಮ್ಮನಿಗೂ ಇತ್ತು. ನಮ್ಮ ಹಳ್ಳಿಯ ಬೋರ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಅದರಿಂದ ಬಂತಾ? ನನಗೆ 9 ವರ್ಷದ ಮಗಳಿದ್ದಾಳೆ, ಅವಳಿಗೂ ಬರುತ್ತಾ? ಆಪರೇಷನ್ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಇದ್ದದ್ದು ಇದ್ದ ಹಾಗೆ ಹೇಳಿ. ಇರುವ ಕಿವಿಯೂ ಹೋದರೆ ಪಾಠ ಹೇಗೆ ಮಾಡಲಿ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ.

ದುರ್ಗದ ಗಾಳಿಯಂತ್ರ ಉತ್ತರಿಸಿದ್ದು:

ಅಕ್ಕಾ, ನಾನು ಚಿತ್ರದುರ್ಗದವನು. ಗುಡ್ಡದ ಮೇಲಿನ ಗಾಳಿಯಂತ್ರ ರಿಪೇರಿ ಮಾಡುವ ಕೆಲಸ. 80 ಮೀಟರ್ ಏಣಿ ಹತ್ತಬೇಕು. ನನಗೆ ಎಡಗಿವಿಗೆ ಇದೇ ಆಪರೇಷನ್ ಆಗಿ 5 ವರ್ಷ ಆಯಿತು. ನಿಮಗೆ ಪಾಠದ ಚಿಂತೆ, ನನಗೆ ತಲೆಸುತ್ತಿನ ಚಿಂತೆ ಇತ್ತು. ಮೇಲೆ ಹತ್ತಿದಾಗ ತಲೆ ತಿರುಗಿದರೆ ಮುಗಿಯಿತು ಅಲ್ವಾ? ಅದಕ್ಕೇ ಒಂದೂವರೆ ವರ್ಷ ಮುಂದೂಡಿದೆ.

ಆ ದಿನದ್ದು ಹೇಳುತ್ತೇನೆ. ನನಗೆ ಪೂರ್ತಿ ಪ್ರಜ್ಞೆ ತಪ್ಪಿಸಲಿಲ್ಲ. ಕಿವಿಯ ಸುತ್ತ ಮರಗಟ್ಟುವ ಇಂಜೆಕ್ಷನ್ ಕೊಟ್ಟರು, ಅದೊಂದು ಚುಚ್ಚುತ್ತದೆ. ಕೆಲವು ಕಡೆ ಪೂರ್ತಿ ಅನಸ್ತೇಷಿಯಾ ಕೊಟ್ಟೂ ಮಾಡುತ್ತಾರೆ. ತಲೆ ಒಂದು ಕಡೆ ತಿರುಗಿಸಿ ಮಲಗಿಸಿದರು. ಹೊರಗಡೆ ಏನೂ ಕೊಯ್ಯಲಿಲ್ಲ, ಕಿವಿಯ ತೂತಿನಿಂದಲೇ ಮೈಕ್ರೋಸ್ಕೋಪ್ ಇಟ್ಟು ತಮಟೆಯನ್ನು ಪುಸ್ತಕದ ಹಾಳೆ ಮಗುಚಿದ ಹಾಗೆ ಮಗುಚುತ್ತಾರೆ. ಅಂಟಿಕೊಂಡ ಮೂಳೆಯ ಮೇಲಿನ ಕಮಾನು ತೆಗೆದು, ಕೆಳಗಿನ ತಳದಲ್ಲಿ ಸಣ್ಣ ತೂತು ಮಾಡಿ, ಟೆಫ್ಲಾನಿನ ಕಡ್ಡಿ ಕೂರಿಸಿದರು. ನನ್ನ ಚೀಟಿಯಲ್ಲಿ 0.6 ಮಿಲಿಮೀಟರ್ ದಪ್ಪ, 4.5 ಮಿಲಿಮೀಟರ್ ಉದ್ದ ಅಂತ ಇದೆ. ಅದನ್ನು ಪಿಸ್ಟನ್ ಅನ್ನುತ್ತಾರೆ. ಅದು ಕೂತ ಕ್ಷಣ ಇಡೀ ಕೋಣೆ ಒಂದು ಸುತ್ತು ತಿರುಗಿದ ಹಾಗಾಯಿತು. ಅಲ್ಲಾಡಬೇಡಿ ಅಂದರು. ಆಮೇಲೆ ಡಾಕ್ಟರು ಮೆಲ್ಲಗೆ 'ಎಪ್ಪತ್ತೆರಡು' ಅಂದರು. ನಾನೂ ಎಪ್ಪತ್ತೆರಡು ಅಂದೆ. ಆಗ ನನ್ನ ಕಣ್ಣಲ್ಲಿ ನೀರು ಬಂತು, ನಿಜ ಹೇಳುತ್ತೇನೆ.

ಆದರೆ ಆಮೇಲಿನ ವಾರವನ್ನು ಯಾರೂ ನನಗೆ ಸರಿಯಾಗಿ ಹೇಳಿರಲಿಲ್ಲ. ಕಿವಿಯೊಳಗೆ ಹತ್ತಿ ಪಟ್ಟಿ ತುಂಬಿರುತ್ತಾರೆ. ಮಾರನೇ ದಿನಕ್ಕೇ ಏನೂ ಕೇಳಿಸುವುದಿಲ್ಲ. ಆಪರೇಷನ್ ಕೆಟ್ಟಿತು ಅಂತ ನಾನು ಎರಡು ರಾತ್ರಿ ಅತ್ತೆ. ಅದು ಪಟ್ಟಿ ಮತ್ತು ಊತದಿಂದ ಅಷ್ಟೇ. ಎರಡು ದಿನ ತಲೆಸುತ್ತು, ಒಂದು ಸಲ ವಾಂತಿ. ನಾಲಿಗೆಯ ಎಡ ಅರ್ಧದಲ್ಲಿ ರುಚಿ ಕೆಟ್ಟು, ಕಾಫಿ ಕುಡಿದರೆ ನಾಣ್ಯ ನೆಕ್ಕಿದ ಹಾಗೆ ಇರುತ್ತಿತ್ತು. ರುಚಿಯ ನರ ಅಲ್ಲೇ ತಮಟೆಯ ಹಿಂದೆ ಹಾದುಹೋಗುತ್ತದಂತೆ, ಅದನ್ನು ಸರಿಸುವಾಗ ಎಳೆದಂತಾಗುತ್ತದೆ. ಮೂರು ತಿಂಗಳಿಗೆ ಸರಿಯಾಯಿತು. ವಾರದ ಮೇಲೆ ಪಟ್ಟಿ ತೆಗೆದರು. ಸ್ಟೀಲ್ ಲೋಟ ಕೆಳಗೆ ಬಿದ್ದ ಸದ್ದಿಗೆ ಬೆಚ್ಚಿಬಿದ್ದೆ. ಮೊದಲ ಎರಡು ವಾರ ಎಲ್ಲ ಸದ್ದೂ ಚುಚ್ಚುತ್ತದೆ.

ಮೂಗು ಸೀಟಬಾರದು. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ಭಾರ ಎತ್ತಬಾರದು, ಮಲಬದ್ಧತೆ ಆಗದಂತೆ ನೋಡಿಕೊಳ್ಳಬೇಕು, ತಿಣುಕಬಾರದು. ಕಿವಿಗೆ ನೀರು ಬಿಡಬಾರದು. ವಿಮಾನ ಹತ್ತುವ ಮುಂಚೆ ಡಾಕ್ಟರನ್ನು ಕೇಳಬೇಕು. ನಾನು ಮೂರು ತಿಂಗಳು ಏಣಿ ಹತ್ತಲಿಲ್ಲ, ಕೋಟೆಯ ಮೆಟ್ಟಿಲನ್ನೂ ಹತ್ತಲಿಲ್ಲ. ಆಫೀಸಿನ ಕೆಲಸ ಕೊಡಿ ಅಂತ ಬೇಡಿಕೊಂಡೆ, ಕೊಟ್ಟರು. ಈಗ ಹತ್ತುತ್ತೇನೆ, ತಲೆಸುತ್ತು ಇಲ್ಲ. ಪಿಸ್ಟನ್ ಚೀಟಿಯನ್ನು ಪರ್ಸಿನಲ್ಲೇ ಇಟ್ಟುಕೊಂಡಿದ್ದೇನೆ. ಮುಂದೆ ಯಾವಾಗಾದರೂ ಎಂ.ಆರ್.ಐ. ಅಂದರೆ ತೋರಿಸಬೇಕಾಗುತ್ತದೆ.

ಗುಂಯ್ ಸದ್ದು ಮಾತ್ರ ಪೂರ್ತಿ ಹೋಗಿಲ್ಲ ಅಕ್ಕಾ. ಕಡಿಮೆ ಆಗಿದೆ. ಅದು ಹೋಗೇ ಹೋಗುತ್ತದೆ ಅಂತ ಯಾರಾದರೂ ಮಾತು ಕೊಟ್ಟರೆ ನಂಬಬೇಡಿ.

ಆಡಿಯೋ ಅಕ್ಕ ಉತ್ತರಿಸಿದ್ದು:

ಟೀಚರ್, ನಾನು ಆಡಿಯಾಲಜಿಸ್ಟ್, ಅಂದರೆ ಕಿವಿ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡುವವಳು. ಓದಿದ್ದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ, ಕೆಲಸ ಇಲ್ಲೇ ದಾವಣಗೆರೆಯಲ್ಲಿ. ನೀವು ಬರೆದಿರುವ ಕಣದ ಕಥೆಯನ್ನು ನಮ್ಮ ಹುಡುಗರಿಗೆ ಪಾಠ ಮಾಡುವಾಗ ಹೇಳಬೇಕು ಅನ್ನಿಸಿತು. ಸದ್ದಿನಲ್ಲಿ ಚೆನ್ನಾಗಿ ಕೇಳಿಸುವುದು ಈ ಕಾಯಿಲೆಯ ಹಳೆಯ ಗುರುತು. 17ನೇ ಶತಮಾನದ ಥಾಮಸ್ ವಿಲ್ಲಿಸ್ ಎಂಬ ಇಂಗ್ಲಿಷ್ ವೈದ್ಯರು ಇದನ್ನು ಬರೆದಿಟ್ಟಿದ್ದಾರೆ, ಈಗಲೂ ಅದಕ್ಕೆ ಅವರದೇ ಹೆಸರು. ಒಕ್ಕುವ ಮೆಷಿನ್ ಸದ್ದು ನಿಮ್ಮ ಕಿವಿಗೆ ಅರ್ಧಕ್ಕರ್ಧ ತಲುಪುವುದೇ ಇಲ್ಲ. ಆದರೆ ಸದ್ದಿನಲ್ಲಿ ಎಲ್ಲರೂ ಕೂಗಿ ಮಾತಾಡುತ್ತಾರೆ, ಆ ಕೂಗು ತಲುಪುತ್ತದೆ. ಅಡುಗೆಮನೆಯಲ್ಲಿ ಯಾರೂ ಕೂಗುವುದಿಲ್ಲ. ಇದನ್ನು ನಿಮ್ಮ ಅತ್ತೆಯವರಿಗೆ ಓದಿ ಹೇಳಿ.

ಈಗ ರಿಪೋರ್ಟಿಗೆ ಬರೋಣ. ಹೆಡ್‌ಫೋನ್ ಹಾಕಿ ಮಾಡುವುದು ಗಾಳಿಯ ದಾರಿಯ ಪರೀಕ್ಷೆ. ಕಿವಿಯ ಹಿಂದಿನ ಮೂಳೆಗೆ ಚಿಕ್ಕ ಬಿಲ್ಲೆ ಒತ್ತಿಟ್ಟು ಮಾಡುವುದು ಮೂಳೆಯ ದಾರಿಯದು. ಅದು ಮಧ್ಯಗಿವಿಯ ಪುಟ್ಟ ಮೂಳೆಗಳನ್ನು ದಾಟಿಕೊಂಡು ನೇರ ಒಳಗಿವಿಗೆ ಹೋಗುತ್ತದೆ. ನಿಮ್ಮ ಬಲಗಿವಿ ಮೂಳೆಯಿಂದ 15ಕ್ಕೇ ಕೇಳಿಸಿಕೊಳ್ಳುತ್ತಿದೆ. ಅಂದರೆ ನರ ಚೆನ್ನಾಗಿದೆ. ಗಾಳಿಯಿಂದ 55 ಬೇಕಾಗುತ್ತಿದೆ. ಮಧ್ಯದ 40 ಡೆಸಿಬಲ್ ದಾರಿಯಲ್ಲಿ ಕಟ್ಟಿಕೊಂಡಿದೆ. ಆಪರೇಷನ್ ವಾಪಸ್ ಕೊಡಲು ಪ್ರಯತ್ನಿಸುವುದು ಈ 40ನ್ನು. ಅಂಗಡಿಯಲ್ಲಿ ಮಾಡಿದ್ದು ಗಾಳಿಯ ದಾರಿಯದು ಮಾತ್ರ ಇರಬೇಕು. ಮೂಳೆಯ ಪರೀಕ್ಷೆ ಮಾಡದೆ ನರ ಸೋತಿದೆ ಅನ್ನಲು ಬರುವುದೇ ಇಲ್ಲ. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

2000 ಹರ್ಟ್ಸ್ ಹತ್ತಿರದ ಬಾಗಿಗೆ ಕಾರ್ಹಾರ್ಟ್ ನಾಚ್ ಅಂತ ಹೆಸರು. ಅದು ನರದ ತೊಂದರೆ ಅಲ್ಲ. ರಿಕಾಪು ಮೂಳೆ ಅಲುಗಾಡದೆ ನಿಂತರೆ ಆ ಜಾಗದಲ್ಲಿ ಗೆರೆ ಹಾಗೆ ಇಳಿಯುತ್ತದೆ. ಆಪರೇಷನ್ ಸರಿಯಾದರೆ ಸಾಮಾನ್ಯವಾಗಿ ಅದೂ ಮೇಲೆ ಬರುತ್ತದೆ. 'ಎ ಎಸ್' ಅಂದರೆ ತಮಟೆಯ ಹಿಂದೆ ನೀರಿಲ್ಲ, ಒತ್ತಡ ಸರಿಯಿದೆ, ಆದರೆ ಪುಟ್ಟ ಮೂಳೆಗಳ ಸರಪಳಿ ಬಿಗಿ. ಜೋರು ಸದ್ದು ಬಂದಾಗ ರಿಕಾಪನ್ನು ಎಳೆಯುವ ಒಂದು ಸಣ್ಣ ಸ್ನಾಯು ಇದೆ. ಮೂಳೆಯೇ ಅಲುಗಾಡದಿದ್ದರೆ ಆ ಎಳೆತ ಕಾಣಿಸುವುದಿಲ್ಲ, ಅದಕ್ಕೇ ರಿಫ್ಲೆಕ್ಸ್ ಇಲ್ಲ. ಡಾಕ್ಟರು ಕವಲು ಕಡ್ಡಿ (ಟ್ಯೂನಿಂಗ್ ಫೋರ್ಕ್) ಮಿಡಿದು ಕಿವಿಯ ಮುಂದೆ ಹಿಡಿದು, ಆಮೇಲೆ ಕಿವಿಯ ಹಿಂದೆ ಮೂಳೆಗೆ ಒತ್ತಿ, ಎಲ್ಲಿ ಜೋರು ಅಂತ ಕೇಳಿರಬೇಕು. ನೀವು ಹಿಂದೆ ಅಂದಿರುತ್ತೀರಿ. ತಮಟೆ ಚೆನ್ನಾಗಿದೆ ಅಂದ ಮೊದಲ ಡಾಕ್ಟರು ಕಂಡದ್ದು ಸುಳ್ಳಲ್ಲ. ಈ ಕಾಯಿಲೆಯಲ್ಲಿ ತಮಟೆ ಚೆನ್ನಾಗಿಯೇ ಇರುತ್ತದೆ. ಟಾರ್ಚ್ ಬೆಳಕಿಗೆ ಇದು ಸಿಗುವುದಿಲ್ಲ.

ಫ್ಲೋರೈಡ್ ವಿಷಯ. ನಮ್ಮ ಕಡೆ ಇದು ಎಲ್ಲರಿಗೂ ಬರುವ ಅನುಮಾನ. ಬೋರ್ ನೀರಿನ ಫ್ಲೋರೈಡು ಹಲ್ಲು, ಬೆನ್ನು, ಕೀಲು ಹಾಳು ಮಾಡುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲೇಬಾರದು. ಆದರೆ ನಿಮ್ಮ ಕಿವಿಯದು ಬೇರೆ. ಒಳಗಿವಿಯ ಸುತ್ತಲಿನ ಮೂಳೆ ಹುಟ್ಟಿದಮೇಲೆ ಹೆಚ್ಚುಕಡಿಮೆ ಬದಲಾಗದೆ ಉಳಿಯಬೇಕು. ಇದರಲ್ಲಿ ಅದು ಕರಗಿ ಮತ್ತೆ ಕಟ್ಟಿಕೊಳ್ಳಲು ಶುರು ಮಾಡುತ್ತದೆ, ಹಾಗೇ ರಿಕಾಪಿನ ತಳವನ್ನು ಹಿಡಿದುಕೊಳ್ಳುತ್ತದೆ. ಇದನ್ನು ನಿಧಾನ ಮಾಡಲು ಸೋಡಿಯಂ ಫ್ಲೋರೈಡ್ ಮಾತ್ರೆಯನ್ನೇ ಕೊಟ್ಟು ನೋಡಿದವರಿದ್ದಾರೆ. ಗಟ್ಟಿಯಾದ ಪುರಾವೆ ಸಿಕ್ಕಿಲ್ಲ, ಕಟ್ಟಿದ ಮೂಳೆಯನ್ನು ಅದು ಬಿಡಿಸುವುದೂ ಇಲ್ಲ. ಹಾಗಂತ ಊರಿನ ಬೋರ್ ನೀರು ಔಷಧಿ ಅಂತ ಯಾರೂ ತಿಳಿಯಬೇಡಿ.

ಇದು ಮನೆತನದಲ್ಲಿ ಬರುತ್ತದೆ, ಹೆಂಗಸರಲ್ಲಿ ಗಂಡಸರಿಗಿಂತ ಸುಮಾರು ಎರಡು ಪಟ್ಟು. ತಾಯಿಗೆ ಇದ್ದರೆ ಆ ಗುಣ ಮಗುವಿಗೆ ದಾಟುವ ಸಾಧ್ಯತೆ ಅರ್ಧದಷ್ಟು. ದಾಟಿದ ಎಲ್ಲರಿಗೂ ಕಿವಿ ಮಂದ ಆಗುವುದಿಲ್ಲ. ಆಗುವವರಿಗೆ ಸಾಮಾನ್ಯವಾಗಿ 20ರಿಂದ 40 ವರ್ಷದ ಒಳಗೆ ಕಾಣಿಸಿಕೊಳ್ಳುತ್ತದೆ. ಮಗಳಿಗೆ ಈಗ ಏನೂ ಮಾಡುವುದು ಬೇಡ, ಕಷ್ಟ ಕಂಡರೆ ಪರೀಕ್ಷೆ ಮಾಡಿಸಿ. ಹೆರಿಗೆಯ ಸಮಯದಲ್ಲಿ ಜಾಸ್ತಿ ಆಯಿತು ಅನ್ನುವವರು ಬಹಳ, ಆದರೆ ಹೆರಿಗೆಯೇ ಕಾರಣ ಅಂತ ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಆ ತಪ್ಪನ್ನು ಮಗುವಿನ ಮೇಲಾಗಲಿ ನಿಮ್ಮ ಮೇಲಾಗಲಿ ಹಾಕಿಕೊಳ್ಳಬೇಡಿ.

ಆಪರೇಷನ್ನಿನ ಲೆಕ್ಕ ಹೀಗಿದೆ. ಅನುಭವ ಇರುವ ಕೈಯಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಜನಕ್ಕೆ ಆ ಮಧ್ಯದ ಅಂತರ 10 ಡೆಸಿಬಲ್ ಒಳಗೆ ಬರುತ್ತದೆ. ನೂರರಲ್ಲಿ ಸುಮಾರು ಒಬ್ಬರಿಗೆ ಆ ಕಿವಿ ಪೂರ್ತಿ ಹೋಗುತ್ತದೆ, ಮೆಷಿನ್ನೂ ಹಿಡಿಯದಷ್ಟು. ಇದಕ್ಕೇ ಯಾವಾಗಲೂ ಹೆಚ್ಚು ಮಂದ ಇರುವ ಕಿವಿಯನ್ನು ಮೊದಲು ಮಾಡುವುದು. ಇನ್ನೊಂದನ್ನು ಆಮೇಲೆ, ಸಾಮಾನ್ಯವಾಗಿ ಆರು ತಿಂಗಳೋ ವರ್ಷವೋ ಬಿಟ್ಟು. ವರ್ಷಕ್ಕೆ ಇಂಥವು ಎಷ್ಟು ಮಾಡುತ್ತೀರಿ ಸರ್ ಅಂತ ಡಾಕ್ಟರನ್ನು ಸುಮ್ನೆ ಕೇಳಿ. ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ಸಿ.ಟಿ. ಸ್ಕ್ಯಾನ್ ಬೇಕಾ ಅಂತಲೂ ಕೇಳಿ. ಆಪರೇಷನ್ ಆದಮೇಲೆ ತಲೆಸುತ್ತು ದಿನದಿಂದ ದಿನಕ್ಕೆ ಕಡಿಮೆ ಆಗಬೇಕು. ಅದು ಒಮ್ಮೆಲೇ ಜಾಸ್ತಿಯಾದರೆ, ಅಥವಾ ಬಂದ ಕೇಳುವಿಕೆ ಮತ್ತೆ ಇಳಿದರೆ, ನಾಳೆ ನೋಡೋಣ ಅನ್ನಬೇಡಿ. ಅವತ್ತೇ ಹೋಗಿ.

ಪಿ.ಜೆ. ಬಡಾವಣೆ ಅಜ್ಜಿ ಉತ್ತರಿಸಿದ್ದು:

ಮಗಳೇ, ನನಗೆ 71. ಬ್ಯಾಂಕಿನಿಂದ ನಿವೃತ್ತಿ. ನನಗೂ ಇದೇ ಕಾಯಿಲೆ, ಆದರೆ ನಾನು ಆಪರೇಷನ್ ಮಾಡಿಸಲಿಲ್ಲ. ನನ್ನ ಎಡಗಿವಿ ಚಿಕ್ಕಂದಿನಲ್ಲಿ ಜ್ವರ ಬಂದು ಪೂರ್ತಿ ಹೋಗಿತ್ತು. ಉಳಿದದ್ದು ಬಲಗಿವಿ ಒಂದೇ. ಒಂದೇ ಕಿವಿ ಇರುವವರಿಗೆ ನಾನು ಕೈ ಹಾಕುವುದಿಲ್ಲ ಅಮ್ಮ ಅಂದರು ಡಾಕ್ಟರು. ಅವರ ಮೇಲೆ ನನಗೆ ಗೌರವ ಬಂದಿದ್ದು ಆವತ್ತು.

ಮೆಷಿನ್ ಹಾಕಿ 12 ವರ್ಷ ಆಯಿತು. ನರ ಚೆನ್ನಾಗಿದ್ದರೆ ಮೆಷಿನ್ ತುಂಬಾ ಚೆನ್ನಾಗಿ ಹಿಡಿಯುತ್ತದೆ. ಕಿವಿಯ ಅಚ್ಚು ತೆಗೆಸಿ ಮಾಡಿಸು, ರೆಡಿಮೇಡ್ ಬೇಡ. ನನ್ನದಕ್ಕೆ ಕಿತ್ತಳೆ ಬಣ್ಣದ ಸ್ಟಿಕ್ಕರಿನ 13 ನಂಬರ್ ಸೆಲ್. ಸ್ಟಿಕ್ಕರ್ ಕಿತ್ತು ಒಂದು ನಿಮಿಷ ಗಾಳಿಗೆ ಬಿಟ್ಟು ಆಮೇಲೆ ಹಾಕಬೇಕು. ಹಾಗೆ ಮಾಡಿದರೆ ಜಾಸ್ತಿ ದಿನ ಬರುತ್ತದೆ. ಮೊದಲ ತಿಂಗಳು ಫ್ಯಾನ್ ಸದ್ದು, ಸೀರೆಯ ಸರಸರ ಎಲ್ಲ ಜೋರಾಗಿ ಕೇಳಿಸಿ ಬೇಡ ಅನ್ನಿಸುತ್ತದೆ. ದಿನಕ್ಕೆ ಎರಡು ಗಂಟೆಯಿಂದ ಶುರು ಮಾಡಿ ಹೆಚ್ಚಿಸುತ್ತಾ ಹೋಗು. ಬಿಚ್ಚಿ ಡ್ರಾಯರಿನಲ್ಲಿ ಇಡಬೇಡ.

ಒಂದು ಕೇಳುತ್ತೇನೆ. ನಿಮ್ಮ ತಾಯಿಯವರನ್ನು ಯಾರಾದರೂ ಪರೀಕ್ಷೆ ಮಾಡಿಸಿದ್ದೀರಾ?

ನಿಟ್ಟುವಳ್ಳಿ ಟೀಚರ್ ಮತ್ತೆ ಬರೆದದ್ದು, ಜೂನ್ ತಿಂಗಳಲ್ಲಿ:

ಎಲ್ಲರಿಗೂ ಕೈಮುಗಿಯುತ್ತೇನೆ. ಎಸ್.ಎಸ್.ಎಲ್.ಸಿ. ಕೆಲಸ ಮುಗಿಸಿ ಬೇಸಿಗೆ ರಜದಲ್ಲಿ ಬಲಗಿವಿಗೆ ಆಪರೇಷನ್ ಮಾಡಿಸಿಕೊಂಡೆ. ಎಷ್ಟು ಮಾಡುತ್ತೀರಿ ಸರ್ ಅಂತ ಕೇಳಿದೆ, ಅವರು ಸಮಾಧಾನವಾಗಿ ಕೂತು ಹೇಳಿದರು. ಸ್ಕ್ಯಾನಿನಲ್ಲಿ ಒಳಗಿವಿಯ ಕಿಟಕಿಯ (ರಿಕಾಪಿನ ತಳ ಕೂರುವ ಜಾಗ) ಮುಂದಿನ ಮೂಳೆಯ ಗಟ್ಟಿತನ ಕಡಿಮೆ ಆಗಿ ಕಾಣುತ್ತಿದೆ, ನಮ್ಮ ಊಹೆ ಸರಿ ಅಂದರು. ತಲೆಸುತ್ತು ಮೂರು ದಿನ ಇತ್ತು. ದುರ್ಗದ ಅಣ್ಣ ಮೊದಲೇ ಹೇಳಿದ್ದರಿಂದ ಪಟ್ಟಿ ಇದ್ದ ವಾರ ನಾನು ಅಳಲಿಲ್ಲ. ರುಚಿ ಇನ್ನೂ ಪೂರ್ತಿ ಬಂದಿಲ್ಲ, ಬಲಗಡೆ ನಾಲಿಗೆಗೆ ಹುಣಸೆಹಣ್ಣು ಸಪ್ಪೆ.

ಆರನೇ ವಾರದ ಪರೀಕ್ಷೆಯಲ್ಲಿ ಗಾಳಿಯ ಗೆರೆ 20ಕ್ಕೆ ಬಂದಿದೆ. ನನ್ನ ದನಿ ಈಗ ನನಗೇ ಸಣ್ಣದಾಗಿ ಕೇಳಿಸುತ್ತದೆ, ಅದಕ್ಕೆ ಜೋರಾಗಿ ಮಾತಾಡುತ್ತೇನೆ. ಶಾಲೆ ಶುರುವಾದ ಮೊದಲ ದಿನ ಹಿಂದಿನ ಬೆಂಚಿನ ಹುಡುಗ ನಾನು ಕೇಳಿದ ಪ್ರಶ್ನೆಗೆ ಎದ್ದು ನಿಂತು ಉತ್ತರ ಹೇಳಿದ. ಅವನು ಹೇಳಿದ್ದು ನನಗೂ ಕೇಳಿಸಿತು. ಆಡಿಯೋ ಅಕ್ಕ ಬರೆದದ್ದನ್ನು ಅತ್ತೆಗೆ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ ಮೂರು ರಾತ್ರಿ ನನ್ನ ಪಕ್ಕ ಮಲಗಿದ್ದವರು ಅವರೇ.

ಅಜ್ಜೀ, ನಿಮ್ಮ ಪ್ರಶ್ನೆ ಓದಿದ ದಿನ ನನಗೆ ಊಟ ಸೇರಲಿಲ್ಲ. 65 ವರ್ಷದ ನಮ್ಮಮ್ಮನ ಕಿವಿಗೆ ಇದುವರೆಗೆ ಯಾರೂ ಒಂದು ಹೆಡ್‌ಫೋನ್ ಇಟ್ಟು ನೋಡಿರಲಿಲ್ಲ. ನಾನೂ ನೋಡಿಸಿರಲಿಲ್ಲ. ಕರೆದುಕೊಂಡು ಬಂದೆ. ಗಾಜಿನ ಕೋಣೆಯೊಳಗೆ ಹೋಗಲು ಹೆದರಿದರು, ನಾನು ಬಾಗಿಲ ಹತ್ತಿರ ನಿಂತೆ. ಅಮ್ಮನದು ಎರಡೂ ಸೇರಿದ ತೊಂದರೆ, ಮೂಳೆಯೂ ಹಿಡಿದಿದೆ, ವಯಸ್ಸಿನಿಂದ ನರವೂ ಸ್ವಲ್ಪ ಇಳಿದಿದೆ. ಅಮ್ಮ ಆಪರೇಷನ್ ಬೇಡ ಅಂದರು. ಅಚ್ಚು ತೆಗೆಸಿ ಎರಡು ಕಿವಿಗೂ ಮೆಷಿನ್ ಹಾಕಿಸಿದ್ದೇವೆ. ಹಾಕಿದ ದಿನ ನಮ್ಮ ತಮ್ಮ ಅಭ್ಯಾಸದಲ್ಲಿ ಕೂಗಿ ಮಾತಾಡಿದ. 'ಯಾಕೋ ಹಂಗ್ ಬೈತೀಯ?' ಅಂತ ಅಮ್ಮ ಕೇಳಿದರು.

ಈಗ ಅವರು ಊರಲ್ಲಿದ್ದಾರೆ. ದಿನಕ್ಕೆ ನಾಲ್ಕು ಗಂಟೆ ಹಾಕುತ್ತಿದ್ದಾರೆ. ಅವರದೂ 13 ನಂಬರ್ ಸೆಲ್. ಜಗಳೂರಿನಲ್ಲಿ ಎರಡು ಅಂಗಡಿ ಕೇಳಿದೆವು, ಸಿಗಲಿಲ್ಲ. ನೀವು ದಾವಣಗೆರೆಯಲ್ಲಿ ಎಲ್ಲಿ ತೆಗೆದುಕೊಳ್ಳುತ್ತೀರಿ ಹೇಳಿ ಅಜ್ಜೀ, ಆರು ತಿಂಗಳಿಗೆ ಆಗುವಷ್ಟು ತಂದು ಕೊಟ್ಟುಬರುತ್ತೇನೆ.